ಟೈರಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಬೆರಳು

ಬಸಳೆಯ ದಂಟಿನಿಂದ ಎಲೆ ಬಿಡಿಸುತ್ತ ಕೂತಿದ್ದೆ. ಮುಂಬಯಿ ಭಾಂಡುಪ್‌ನ ನಮ್ಮ ಬಿಲ್ಡಿಂಗಿನ ಅಡುಗೆಮನೆ ಕಿಟಕಿಯ ಗ್ರಿಲ್ಲಿಗೆ ಹಬ್ಬಿಸಿದ ಬಸಳೆ ಅದು. ಎಣ್ಣೆ ಡಬ್ಬಿಯೊಳಗಿನ ಒಂದಿಷ್ಟು ಮಣ್ಣಿನಲ್ಲಿ ವಾರಕ್ಕೊಮ್ಮೆ ಪದಾರ್ಥಕ್ಕಾಗುವಷ್ಟು ಸೊಪ್ಪು ಬರುತ್ತದೆಂದರೆ ದೇವರ ದಯೆ ಅಲ್ಲದೆ ಇನ್ನೇನು? ಅಷ್ಟರಲ್ಲಿ ಫೋನ್ ಬಂತು. ಬೊರಿವಲಿಯ ಸದಾಶಿವಣ್ಣ.

“ಶಾರದಕ್ಕ, ಗಾಡಿ ಘಾಟಿಯಲ್ಲಿ ನಿಂತಿದೆ. ಹಿಂದಿನಿಂದ ರಬ್ಬರ್ ಸುಟ್ಟ ವಾಸನೆ. ಗಿರಿಜ ಇಳಿದು ಕಲ್ಲಿನ ಮೇಲೆ ಕೂತುಬಿಟ್ಟಿದ್ದಾಳೆ. ಮುಂದಕ್ಕೆ ಬರುವುದಿಲ್ಲ ಅಂತಾಳೆ.”

“ಗಿರಿಜಕ್ಕನಿಗೆ ಏನೂ ಆಗಿಲ್ಲವಲ್ಲ?”

“ಪೆಟ್ಟು ಎಂತ ಆಗಿಲ್ಲ,” ಅಂದರು. ಅಂದ ರೀತಿಯಲ್ಲೇ ತಿಳಿಯಿತು, ಪೆಟ್ಟಿಗಿಂತ ದೊಡ್ಡದೇನೋ ಆಗಿದೆ ಎಂದು.

ಆ ಗಂಡಹೆಂಡಿರ ಜೀಪಿಗೆ ಹಿಂದಿನ ವಾರವಷ್ಟೇ ದೊಡ್ಡ ಟೈರು ಹಾಕಿಕೊಟ್ಟದ್ದು ನಮ್ಮ ಅಂಗಡಿಯಲ್ಲಿ. ಹಾಕಿದವನು ನಮ್ಮ ಮಿಸ್ತ್ರಿ ಮೌಲಾಸಾಬ. ಆಗಬಹುದು ಎಂದು ಕೌಂಟರಿನಲ್ಲಿ ಕೂತು ಒಪ್ಪಿದವಳು ನಾನು. ಬಸಳೆಗೆ ಒದ್ದೆ ಬಟ್ಟೆ ಮುಚ್ಚಿ ಅಂಗಡಿಗೆ ಓಡಿದೆ.

ಟೈರಂಗಡಿಗೆ ಹೆಂಗಸು ಹೇಗೆ ಬಂದಳು ಎಂದು ಕೇಳುವವರು ಈಗಲೂ ಇದ್ದಾರೆ. ನನ್ನ ತಂಗಿಯ ಮಗಳು ಸ್ಮಿತಾ ಈಗ ಆ ಕೌಂಟರಿನಲ್ಲಿ ಕೂರುತ್ತಾಳೆ. ಮುಂಬಯಿಯಲ್ಲೇ ಹುಟ್ಟಿದವಳು, ಕನ್ನಡವನ್ನು ತಡೆದು ತಡೆದು ಓದುತ್ತಾಳೆ. ನಾನು ಕೆಲಸ ಬಿಟ್ಟ ದಿನ ಅವಳು, “ದೊಡ್ಡಮ್ಮಾ, ಯಾವ ಗಾಡಿಗೆ ಯಾವ ಸೈಜ್ ಅಂತ ಮೊಬೈಲಲ್ಲೇ ಸಿಗ್ತದೆ. ಬಟ್ ಗಿರಾಕಿ ಹತ್ರ ಎಂತ ಕೇಳ್ಬೇಕು ಅಂತ ಅದ್ರಲ್ಲಿ ಇಲ್ಲ. ನೀವು ಬರ್ದುಕೊಡಿ,” ಅಂದಳು. ಅವಳಿಗಾಗಿ, ಅವಳ ಹಾಗೆ ಈ ಕೆಲಸಕ್ಕೆ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಧಾನವಾಗಿ ಓದಲಿ, ಅವಸರವೇನಿಲ್ಲ.

ಅಂಗಡಿ ನಮ್ಮವರದ್ದು. ಊರಿನಿಂದ ಬಂದ ಅವರ ಅಣ್ಣಂದಿರೆಲ್ಲ ಹೋಟೆಲಿಗೆ ಸೇರಿದರೆ ಇವರೊಬ್ಬರು ಭಾಂಡುಪ್‌ನ ಕಾರ್ಖಾನೆಗಳ ಲಾರಿಗಳಿಗೆ ಪಂಕ್ಚರ್ ಹಾಕಲು ಕೂತರು. ಅಣ್ಣಂದಿರು, “ಎಲ್ಲರ ಕೈಗೆ ಬೆಣ್ಣೆ ಹತ್ತಿದರೆ ಇವನ ಕೈಗೆ ಮಸಿ,” ಎಂದು ನಗುತ್ತಿದ್ದರಂತೆ. ಲಾರಿ ಟೈರು ಎತ್ತಿ ಎತ್ತಿ ಇವರ ಬೆನ್ನು ಕೈಕೊಟ್ಟಿತು. ಡಾಕ್ಟರು ಮಲಗಿಸಿದರು. ಅಂಗಡಿಯ ಬಾಗಿಲು ಮುಚ್ಚಬಾರದೆಂದು ಒಂದು ವಾರದ ಮಟ್ಟಿಗೆ ನಾನು ಹೋಗಿ ಕೂತೆ. ಬೆಳಗ್ಗೆ ದೀಪ ಹಚ್ಚಿ, ಅನ್ನ ಬಸಿದು, ಇವರಿಗೆ ಗಂಜಿ ಕೊಟ್ಟು ಹೋಗುವುದು. ಮಧ್ಯಾಹ್ನ ಬಂದು ಬಡಿಸಿ ಮತ್ತೆ ಹೋಗುವುದು. ಇವರು ಎದ್ದು ಅಂಗಡಿಗೆ ಬರತೊಡಗಿದ ಮೇಲೂ ಆ ಒಂದು ವಾರ ನನ್ನ ಕೂದಲು ಬೆಳ್ಳಗಾಗುವವರೆಗೆ ನಡೆಯಿತು. ಕಷ್ಟ ಎನ್ನಲಾರೆ. ಮನೆಯಿಂದ ಅಂಗಡಿ ಎರಡು ಗಲ್ಲಿ ಆಚೆ. ಲೋಕಲ್ ಹತ್ತಿ ಜೋತಾಡುವ ಹೆಂಗಸರನ್ನು ನೋಡಿದಾಗಲೆಲ್ಲ ದೇವರಿಗೆ ಕೈಮುಗಿಯುತ್ತಿದ್ದೆ.

ಆಗಿನ ಕೆಲಸ ಬೇರೆ. ಕಬ್ಬಿಣದ ಲಿವರ್ ತೂರಿಸಿ, ಸುತ್ತಿಗೆ ಹೊಡೆದು, ಕಾಲಿನಿಂದ ತುಳಿದು ಟೈರು ಕಳಚಬೇಕಿತ್ತು. ಒಳಗೆ ಟ್ಯೂಬು, ಅದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ಹುಡುಕಬೇಕಿತ್ತು. ಆ ಕೆಲಸ ನನಗೆ ಬೇಗ ಬಂತು, ಮೀನು ತೊಳೆಯುವವಳ ಕಣ್ಣಿಗೆ ಸಣ್ಣ ಗುಳ್ಳೆ ಕಾಣದೆ ಇರುತ್ತದೆಯೇ? ಈಗ ಯಂತ್ರವೇ ಕಳಚುತ್ತದೆ, ಕಂಪ್ಯೂಟರೇ ತೂಕ ಸರಿಮಾಡುತ್ತದೆ. ಲಾರಿಗಳು ಹೋದವು, ಕಾರ್ಖಾನೆಗಳ ಜಾಗದಲ್ಲಿ ಟವರುಗಳೆದ್ದವು. ಆಮೇಲೆ ಬಂದವು ಈ ನಾಲ್ಕೂ ಚಕ್ರಕ್ಕೆ ಎಳೆತವಿರುವ ಜೀಪುಗಳು, ಅವುಗಳಿಗೆ ಕೆಸರಿಗೆ, ಕಲ್ಲಿಗೆ ಎಂದು ಮಾಡಿದ ದೊಡ್ಡ ಹಲ್ಲಿನ ಟೈರುಗಳು. ಶನಿವಾರ ಬೆಟ್ಟ ಹತ್ತುವವರು, ತೋಟದ ಮನೆ ಮಾಡಿಕೊಂಡವರು, ಏನೂ ಇಲ್ಲದೆ ಚೆಂದಕ್ಕೆ ಹಾಕಿಸುವವರು. ಎಲ್ಲರೂ ಒಂದೇ ಮಾತು ಹೇಳುತ್ತ ಬರುತ್ತಾರೆ: “ಇದ್ದುದಕ್ಕಿಂತ ದೊಡ್ಡದು ಹಾಕಿ.”

ನಮ್ಮವರಿಗೆ ಅಂಗಡಿಯ ಕಾನೂನು ಒಂದೇ. “ಗಿರಾಕಿ ಕೇಳಿದ್ದನ್ನು ಹಾಕು, ಕೇಳದ್ದನ್ನು ಹೇಳಬೇಡ. ನೀನು ಪುರಾಣ ಶುರುಮಾಡಿದರೆ ಅವನು ಪಕ್ಕದ ಅಂಗಡಿಗೆ ಹೋಗುತ್ತಾನೆ.” ನನಗೆ ಅದು ಆಗುತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವರ ಮಾತು ಮೀರಿದವಳಲ್ಲ ಎಂದು ಬರೆದರೆ ನಮ್ಮವರೇ ನಕ್ಕಾರು.

ಒಮ್ಮೆ ಮುಲುಂಡ್‌ನ ಒಬ್ಬ ತರುಣ ಬಂದ. ನಾಲ್ಕು ದೊಡ್ಡ ಟೈರು ಹಾಕಿಸಿಕೊಂಡ. ಐದನೆಯದು ಬೇಡವೇ ಎಂದು ಕೇಳಿದೆ. “ಸ್ಟೆಪ್ನಿ ಹಳೆಯದೇ ಇರಲಿ ಆಂಟಿ, ಇನ್ನೂ ಬಳಸಿಯೇ ಇಲ್ಲ,” ಅಂದ. ಮೌಲಾಸಾಬ ಅವನಿಗೆ ಹಿಂದಿಯಲ್ಲಿ ವಿವರಿಸಿದ: ಪಂಕ್ಚರಾಗಿ ಆ ಸ್ಟೆಪ್ನಿ ಹಾಕಿ, ಒಂದು ಚಕ್ರ ಗಿಡ್ಡ, ಮೂರು ಎತ್ತರ ಇದ್ದರೆ, ನಾಲ್ಕೂ ಚಕ್ರದ ಗೇರ್ ಹಾಕಿದಾಗ ಒಳಗಿನ ಹಲ್ಲುಗಳು ಒಂದಕ್ಕೊಂದು ಕಚ್ಚಾಡುತ್ತವೆ. ತರುಣ ತಲೆಯಾಡಿಸಿದ, ಕೇಳಿಸಿಕೊಳ್ಳಲಿಲ್ಲ. ಆಮೇಲೆ ನಾನು ಹೇಳಿದೆ, “ಮಗಾ, ಮನೆಯ ಮಂಚದ ಮೂರು ಕಾಲು ಎತ್ತರ, ಒಂದು ಗಿಡ್ಡ ಇದ್ದರೆ ನಿದ್ದೆ ಬರ್ತದಾ?” ಐದನೆಯದನ್ನೂ ತೆಗೆದುಕೊಂಡು ಹೋದ. ನಮ್ಮವರು, “ಈ ಪುರಾಣ ಪರವಾಗಿಲ್ಲ,” ಅಂದರು.

ಇನ್ನೊಬ್ಬರು ಬಂದು ಜಗಳ ತೆಗೆದರು. “ಮೀಟರಿನಲ್ಲಿ ಸ್ಪೀಡು ಕಡಿಮೆಯೇ ಇತ್ತು, ಆದರೂ ಕ್ಯಾಮರಾದಲ್ಲಿ ಸಿಕ್ಕಿಬಿದ್ದೆ,” ಎಂದು. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಿಲ್ಲ, ಅದು ಹಳೆಯ ಟೈರನ್ನೇ ನಂಬಿಕೊಂಡು ಕೂತಿರುತ್ತದೆ. ಬ್ರೇಕೂ ಹಾಗೆಯೇ, ಹಿಡಿಯುವುದಕ್ಕೆ ಸ್ವಲ್ಪ ಹೆಚ್ಚು ದೂರ ಬೇಕು. ಗಾಡಿಯ ಕಂಪನಿ ಒಪ್ಪಿದ ಅಳತೆ ಮೀರಿದರೆ ಆರ್‌ಟಿಓದವರೂ ಬಿಡುವುದಿಲ್ಲ, ಇನ್ಶೂರೆನ್ಸಿನವರೂ ಬಿಡುವುದಿಲ್ಲ. ಇದನ್ನೆಲ್ಲ ಟೈರು ಕಳಚುವ ಮೊದಲೇ ಹೇಳಬೇಕು ಸ್ಮಿತಾ. ಹಾಕಿದ ಮೇಲೆ ಹೇಳಿದರೆ ನೆಪ ಹೇಳಿದ ಹಾಗೆ ಕೇಳಿಸುತ್ತದೆ.

ಇನ್ನು ಸದಾಶಿವಣ್ಣನ ವಿಷಯ.

ಬೊರಿವಲಿಯಲ್ಲಿ ಅವರದ್ದೊಂದು ಚಿಕ್ಕ ಹೋಟೆಲು. ಜೊತೆಗೆ ಮದುವೆ, ಉಪನಯನಕ್ಕೆ ಅಡುಗೆ ಮಾಡಿಕೊಡುವುದೂ ಉಂಟು. ಅವರ ಹೆಂಡತಿ ಗಿರಿಜಕ್ಕ ನನಗೆ ಬಹಳ ವರ್ಷದ ಪರಿಚಯ, ನಮ್ಮ ಭಜನಾ ಮಂಡಳಿಯ ವಾರ್ಷಿಕೋತ್ಸವಕ್ಕೆ ತಪ್ಪದೆ ಬರುವವರು. ಅವರಿಗೆ ಹೊಟ್ಟೆಯ ದೊಡ್ಡ ಆಪರೇಷನ್ ಆಯಿತು. ಪರೇಲ್‌ನ ಒಂದು ಆಸ್ಪತ್ರೆಯಲ್ಲಿ ತುಂಬ ದಿನ ಇದ್ದರು. ಪಕ್ಕದ ಹಾಸಿಗೆಯಲ್ಲಿ ಮುರ್ಬಾಡ್ ಕಡೆಯ ಒಬ್ಬ ಮರಾಠಿ ಹೆಂಗಸು, ಹೆಸರು ಸಖುಬಾಯಿ. ಅವಳ ಹಳ್ಳಿಯ ಮೇಲೆ ಗುಡ್ಡ, ಗುಡ್ಡದ ಮೇಲೆ ಒಬ್ಬಳು ದೇವಿ. ನೋವಿನಲ್ಲಿ ಸಖುಬಾಯಿ ಆ ದೇವಿಯ ಹೆಸರು ಹೇಳುವುದನ್ನು ಕೇಳಿ ಕೇಳಿ ಗಿರಿಜಕ್ಕನೂ ಹರಕೆ ಹೊತ್ತರು: ಎದ್ದು ಕೂತರೆ ಮೇಲೆ ಬಂದು ನಿನ್ನ ಮುಖ ನೋಡುತ್ತೇನೆ, ನಿನ್ನ ಹಳ್ಳಿಯವರಿಗೆ ನನ್ನ ಕೈಯಾರೆ ಬಡಿಸುತ್ತೇನೆ.

ಎದ್ದು ಕೂತರು. ಆದರೆ ಗುಡ್ಡ ಹತ್ತುವ ಶಕ್ತಿ ಬರಲಿಲ್ಲ. ಮೇಲಿನ ದಾರಿ ಬರೀ ಕಲ್ಲು, ಮಳೆ ಕೊರೆದ ಕಾಲುವೆ. ಸದಾಶಿವಣ್ಣ ಹಳೆಯದೊಂದು ಜೀಪು ಕೊಂಡರು. ಮೊದಲು ತಾವೊಬ್ಬರೇ ಹೋಗಿ ದಾರಿ ನೋಡಿದರು. ಜೀಪಿನ ಹೊಟ್ಟೆ ಕಲ್ಲಿಗೆ ತಾಗಿತು. ಗಾಡಿ ಸ್ವಲ್ಪ ಎತ್ತರವಾದರೆ ಹೋಗಬಹುದು ಎಂದು ಹಳ್ಳಿಯವರು ಹೇಳಿದರು. ಹಾಗೆ ನಮ್ಮಲ್ಲಿಗೆ ಬಂದದ್ದು.

ಟೈರು ಹಾಕಿಸಿಕೊಂಡ ದಿನ ಗಿರಿಜಕ್ಕನೂ ಬಂದಿದ್ದರು. ಗಂಡಸರೆಲ್ಲ ಸುತ್ತ ನಿಂತು ಚಕ್ರ ನೋಡುತ್ತಿದ್ದಾರೆ, “ಆಹಾ, ಏನು ಗತ್ತು!” ಎನ್ನುತ್ತಿದ್ದಾರೆ. ನಾನು ಕೇಳಿದೆ, “ಇದರಲ್ಲಿ ಕೂರುವವರು ಯಾರು?”

“ನಾವಿಬ್ಬರೇ,” ಅಂದರು ಸದಾಶಿವಣ್ಣ.

“ಹಾಗಾದರೆ ಇವರು ಹತ್ತುವುದು ಹೇಗೆ?”

ಎಲ್ಲರೂ ಗಿರಿಜಕ್ಕನ ಕಡೆ ತಿರುಗಿದರು. ಗಾಡಿ ಎತ್ತರವಾಗಿತ್ತು, ಬಾಗಿಲಿನ ಮೆಟ್ಟಿಲು ಅವರ ಮೊಣಕಾಲಿಗೂ ಮೇಲೆ. ಹೊಟ್ಟೆಯ ಹೊಲಿಗೆ ಮಾಗಿದ್ದರೂ ಕಾಲೆತ್ತಿದರೆ ಎಳೆಯುತ್ತದೆ. ಮೌಲಾಸಾಬ ಅಲ್ಲೇ ಒಂದು ಕಬ್ಬಿಣದ ಪಾವಟಿಗೆ ಬೆಸೆದು ಕೂಡಿಸಿದ. ಗಿರಿಜಕ್ಕ ಅದರ ಮೇಲೆ ಕಾಲಿಟ್ಟು ಹತ್ತಿ ಕೂತು, ಒಳಗಿನಿಂದ ನನ್ನ ಕೈ ಹಿಡಿದುಕೊಂಡು, “ನನಗಿಂತ ಮೊದಲು ನೀನು ಹೋಗಿ, ನಾನು ಬರ್ತೇನೆ ಅಂತ ದೇವಿ ಹತ್ತಿರ ಹೇಳಿದ ಹಾಗೆ ಆಯ್ತು ಮಾರಾಯ್ತಿ,” ಅಂದರು. (ನಾವು ಮಾತಾಡುವುದು ತುಳುವಿನಲ್ಲಿ. ಸ್ಮಿತಾಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಅಂದು ರಾತ್ರಿ ಊಟ ಬಡಿಸುವಾಗ ನಮ್ಮವರ ಎದುರು ಸ್ವಲ್ಪ ಜಂಬವೂ ಕೊಚ್ಚಿಕೊಂಡೆ.

ಆ ಗಾಡಿಯೇ ಈಗ ಘಾಟಿಯಲ್ಲಿ ನಿಂತಿತ್ತು.

ಅಂಗಡಿಗೆ ಓಡಿದೆನಲ್ಲ, ಮೌಲಾಸಾಬ ಚಹಾದ ಲೋಟ ಕೆಳಗಿಟ್ಟ. ಅವನು ವಿಜಯಪುರದ ಕಡೆಯವನು. “ಅಕ್ಕಾರ, ಸ್ಟೇರಿಂಗ್ ಎಡಕ್ಕ, ಬಲಕ್ಕ ಕಡೀತನಕಾ ತಿರುಗ್ಸಿ ನೋಡೀನ್ರಿ. ಮುಂದ ಎಲ್ಲೂ ಹತ್ತಂಗಿಲ್ಲ. ಹಿಂದಂತೂ ಅಂಗೈ ಹೋಗುವಷ್ಟ ಜಾಗಾ ಇತ್ತು.”

“ನನಗೆ ಗೊತ್ತು ಮೌಲಾ, ನಾನೂ ನೋಡಿದ್ದೇನೆ.”

ಮರುದಿನ ಸದಾಶಿವಣ್ಣ ಜೀಪು ತಂದರು. ಹಿಂದಿನ ಬಲಗಡೆಯ ಟೈರಿನ ಭುಜ, ಅಂದರೆ ಹಲ್ಲು ಮುಗಿಯುವ ಅಂಚು, ತುರಿಮಣೆಗೆ ಹಿಡಿದ ತೆಂಗಿನಕಾಯಿಯ ಹಾಗೆ ಸುತ್ತಲೂ ತುರಿದುಹೋಗಿತ್ತು. ಮಡ್‌ಗಾರ್ಡಿನ ಒಳಅಂಚು ಉಜ್ಜಿ ಉಜ್ಜಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಆದರೆ ಎರಡರ ನಡುವೆ ಮೌಲಾಸಾಬ ಅಂಗೈ ತೂರಿಸಿದರೆ ಸಲೀಸಾಗಿ ಹೋಗುತ್ತದೆ! ತಾಗುವ ಜಾಗವೇ ಇಲ್ಲದ ಕಡೆ ತಾಗಿದೆ.

“ಕಲ್ಲಿಗೆ ತಾಗಿಸಿರಬೇಕು,” ಅಂದರು ನಮ್ಮವರು.

“ಯಾವ ಕಲ್ಲು? ಡಾಂಬರು ರಸ್ತೆಯಲ್ಲೇ ಶುರುವಾದದ್ದು, ತಿರುವಿನಲ್ಲಿ,” ಎಂದು ಸದಾಶಿವಣ್ಣ ಕೆಂಪಾದರು. “ನಿಮ್ಮ ಮಿಸ್ತ್ರಿಗೆ ಕಣ್ಣು ಕಾಣುವುದಿಲ್ಲ ಅನ್ನಿ.”

ಮೌಲಾಸಾಬ ಟೈರಿನಿಂದ ಕೈ ತೆಗೆದು ಎದ್ದು ನಿಂತ. “ತಪ್ಪ ನಂದ ಇದ್ರ ನಂದ ಅಂತೀನ್ರಿ ಅಣ್ಣಾರ. ಯಾವ ತಪ್ಪ ಅಂತ ನನಗ ತಿಳೀಬೇಕಲ್ರಿ. ಇಲ್ಲಾಂದ್ರ ನಾಳಿ ಇನ್ನೊಬ್ಬರಿಗೂ ಅದನ್ನ ಮಾಡ್ತೀನಿ.”

ಸದಾಶಿವಣ್ಣನ ಸಿಟ್ಟು ಅಲ್ಲೇ ಇಳಿದುಹೋಯಿತು. ಸ್ಟೂಲಿನ ಮೇಲೆ ಕೂತರು. “ಟೈರು ಹೋಗಲಿ ಮಾರಾಯ. ಅವಳು ಮಾತ್ರೆ ನಿಲ್ಲಿಸಿದ್ದಾಳೆ. ಬರುವ ವಾರ ಪರೇಲ್‌ನಲ್ಲಿ ಚೆಕಪ್ ಉಂಟು, ಅದಕ್ಕೂ ಬರುವುದಿಲ್ಲವಂತೆ. ಶಾರದಕ್ಕ, ನೀವೊಮ್ಮೆ ಬಂದು ಮಾತಾಡಬೇಕು.”

ಬಸಳೆ ಪದಾರ್ಥವನ್ನೇ ಒಂದು ಡಬ್ಬಿಯಲ್ಲಿ ತುಂಬಿಕೊಂಡು ಹೊರಟೆ. ಭಾಂಡುಪ್‌ನಿಂದ ದಾದರ್, ಅಲ್ಲಿ ಗಾಡಿ ಬದಲಿಸಿ ಬೊರಿವಲಿ. ದಾರಿಯುದ್ದ ಏನು ಹೇಳಲಿ ಎಂದೇ ಯೋಚನೆ. ಕೂರಲು ಸೀಟು ಸಿಕ್ಕಿತು, ಅದನ್ನೇ ಒಳ್ಳೆಯ ಶಕುನ ಅಂದುಕೊಂಡೆ.

ಗಿರಿಜಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದರು. ನಾನು ಪಕ್ಕದಲ್ಲಿ ಕೂತೆ.

“ನೀನೇ ಹೇಳು ಶಾರದಾ,” ಅಂದರು, ತಿರುಗದೆ. “ಅಷ್ಟು ದೂರ ಹೋಗಿ, ಗುಡ್ಡದ ತುದಿಯ ಬಾವುಟ ಕಾಣುವಷ್ಟು ಹತ್ತಿರಕ್ಕೆ ಹೋಗಿ, ಅಲ್ಲಿ ನಿಂತಿತು. ಬಾ ಎನ್ನುವವಳು ಹಾಗೆ ಮಾಡ್ತಾಳಾ?”

“ಮಾತ್ರೆ ಯಾಕೆ ಬಿಟ್ಟದ್ದು?”

“ಅವಳಿಗೇ ಬೇಡವಾದ ಜೀವಕ್ಕೆ ಮಾತ್ರೆ ಎಂತಕ್ಕೆ?”

‘ಅದೆಲ್ಲ ಸುಮ್ಮನೆ, ದೇವರಿಗೂ ಟೈರಿಗೂ ಏನು ಸಂಬಂಧ’ ಎಂದು ಬೇರೆಯವರಾದರೆ ಹೇಳಿಬಿಡುತ್ತಿದ್ದರು. ನನ್ನ ಬಾಯಲ್ಲಿ ಅದು ಸುಳ್ಳು. ಬೀದಿಯಲ್ಲಿ ಬಸ್ಸು ಬೇಗ ಸಿಕ್ಕಿದರೂ ಅವನ ದಯೆ ಎನ್ನುವವಳು ನಾನು. ಗಾಡಿ ನಿಂತದ್ದು ಮಾತ್ರ ಅವನ ಲೆಕ್ಕದಲ್ಲಿಲ್ಲ ಎನ್ನುವುದು ಹೇಗೆ? ಅವರ ಬೆನ್ನು ನೀವುತ್ತ ಕೂತೆ. ಆಮೇಲೆ ಅವರಿಗೆ ನೀರು ತರೋಣ ಎಂದು ಒಳಗೆ ಹೋಗುವಾಗ ಪ್ಯಾಸೇಜಿನಲ್ಲಿ ಏನೋ ಕಾಲಿಗೆ ಬಡಿದು ಕಣ್ಣಲ್ಲಿ ನೀರು ಬಂತು. ನೋಡಿದರೆ ದೊಡ್ಡದೊಂದು ತಾಮ್ರದ ಹಂಡೆ.

“ಇದನ್ನು ದಾರಿಗೆ ಅಡ್ಡ ಇಟ್ಟವರು ಯಾರು?”

“ಮೊನ್ನೆ ಜೀಪಿನಿಂದ ಇಳಿಸಿದ್ದು,” ಅಂದರು ಗಿರಿಜಕ್ಕ ಒಳಗಿನಿಂದ. “ಅಟ್ಟಕ್ಕೆ ಹಾಕಲಿಕ್ಕೆ ಇವರಿಗೆ ಪುರುಸೊತ್ತಾಗಿಲ್ಲ.”

ಹಂಡೆಯ ಹಿಂದೆ ಇನ್ನೊಂದು ಹಂಡೆ. ಅದರ ಹಿಂದೆ ಕಬ್ಬಿಣದ ಒಲೆ, ತುಂಬಿದ ಎರಡು ಸಿಲಿಂಡರು, ಅಕ್ಕಿಯ ಮೂಟೆಗಳು, ತೆಂಗಿನಕಾಯಿ ಚೀಲ, ಬಡಿಸುವ ಬಕೆಟುಗಳು, ಒಂದರೊಳಗೊಂದು ಕೂತ ಬಾಣಲೆಗಳು. ಗೋಡೆಗೆ ಒರಗಿಸಿದ ರುಬ್ಬುವ ಯಂತ್ರ ಕೂಡ!

“ಸದಾಶಿವಣ್ಣ, ಇಷ್ಟೂ ಜೀಪಿನಲ್ಲಿತ್ತಾ?”

“ಹೌದು ಮತ್ತೆ. ಹಳ್ಳಿಗೆ ಹಳ್ಳಿಯೇ ಉಣ್ಣಬೇಕಲ್ಲ.”

“ನೀವು ಅಂಗಡಿಯಲ್ಲಿ ‘ನಾವಿಬ್ಬರೇ’ ಅಂದಿರಿ.”

“ನಾವಿಬ್ಬರೇ ಅಲ್ವಾ ಹೋದದ್ದು?”

“ಈ ಹಂಡೆ?”

“ಹಂಡೆ ಬಿಟ್ಟು ಹೋಗ್ಲಿಕ್ಕುಂಟಾ ಶಾರದಕ್ಕ?” ಎಂದು ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು.

ಹೋಟೆಲಿನವರಿಗೆ ಪಾತ್ರೆ ಎನ್ನುವುದು ಸಾಮಾನಲ್ಲ, ಅದು ಅವರ ಕೈಕಾಲು. ಕೈಕಾಲನ್ನು ಯಾರಾದರೂ ತೂಕಕ್ಕೆ ಹಿಡಿಯುತ್ತಾರೆಯೇ? ನಾನಾದರೂ ಯಾರು ಕೂರುತ್ತಾರೆ ಎಂದು ಕೇಳಿದ್ದೆ, ಏನು ಕೂರುತ್ತದೆ ಎಂದು ಕೇಳಿರಲಿಲ್ಲ. ಮೌಲಾಸಾಬ ಖಾಲಿ ಜೀಪಿಗೆ ಅಂಗೈ ತೂರಿಸಿ ನೋಡಿದ್ದ. ಹಳೆಯ ಗಾಡಿ, ಸೋತ ಸ್ಪ್ರಿಂಗು. ಇಷ್ಟು ಭಾರಕ್ಕೆ ಹಿಂಭಾಗ ಕುಕ್ಕರಿಸಿ ಕೂತಿದೆ, ತಿರುವಿನಲ್ಲಿ ಬಲಕ್ಕೆ ವಾಲಿದೆ, ಮಡ್‌ಗಾರ್ಡಿನ ಅಂಚು ಟೈರಿನ ಮೇಲೆ ಇಳಿದಿದೆ. ಸ್ಟೇರಿಂಗಿಗೆ ತಿರುಗುವುದು ಮುಂದಿನ ಚಕ್ರ ಎಂದು ಎಲ್ಲರ ಕಣ್ಣು ಮುಂದೆ. ಹಿಂದಿನದು ಹೊರುವ ಚಕ್ರ, ಬಾಯಿಲ್ಲದ್ದು. ಅದನ್ನು ಕೇಳುವವರಿಲ್ಲ.

ಒಳಗೆ ಹೋಗಿ ಹೇಳಿದೆ, “ಗಿರಿಜಕ್ಕ, ನಿಮ್ಮನ್ನು ತಡೆದದ್ದು ದೇವಿ ಅಲ್ಲ. ನಿಮ್ಮ ಗಂಡನ ಹಂಡೆ.”

ಅವರು ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತೀಯಾ ಅಂದರು.

“ಹಾಗಾದರೆ ಶನಿವಾರ ಅಂಗಡಿಗೆ ಬನ್ನಿ. ಕಣ್ಣಿನಿಂದ ನೋಡಿ. ಅಲ್ಲಿಯವರೆಗೆ ಮಾತ್ರೆ ತೆಗೆದುಕೊಳ್ಳಿ, ಇದೊಂದು ನನಗಾಗಿ.” ನನ್ನ ಎದುರೇ ಒಂದು ನುಂಗಿದರು. ಬಸಳೆ ಪದಾರ್ಥದಲ್ಲಿ ಎರಡು ತುತ್ತು ಅನ್ನ ಉಂಡರು.

ಬಂದು ಹೇಳಿದರೆ ಮೌಲಾಸಾಬ ಹಣೆ ಬಡಿದುಕೊಂಡ. “ಭಾರ ಹಾಕಿ ನೋಡಬೇಕಿತ್ರಿ ಅಕ್ಕಾರ. ಈಗ ಭಾರ ಎಲ್ಲಿಂದ ತರೂದು?” ಹಂಡೆಗಳನ್ನು ಮತ್ತೆ ಬೊರಿವಲಿಯಿಂದ ಹೇರಿಕೊಂಡು ಬಂದರೆ ಉಳಿದ ಟೈರೂ ಹಾಳು. ನಾನು ಯೋಚಿಸಿದೆ. ಶನಿವಾರ ಸಂಜೆ ನಮ್ಮ ಬಿಲ್ಡಿಂಗಿನ ಕೆಳಗಿನ ಕೋಣೆಯಲ್ಲಿ ಹೆಂಗಸರ ಭಜನೆ. ದೇವರ ಕೆಲಸವೇ ತಾನೆ?

ಭಜನೆಗೆ ಮೊದಲು ಎಲ್ಲರನ್ನೂ ಅಂಗಡಿಗೆ ಕರೆದುಕೊಂಡು ಹೋದೆ. ಮಂಡಳಿಯ ಜಲಜಕ್ಕ ಎಲ್ಲರಿಗಿಂತ ಮುಂದೆ, ಜೀಪಿನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಓ ಶಾರದಾ, ನನ್ನನ್ನು ಯಾವ ಲೆಕ್ಕದಲ್ಲಿ ಕರೆದದ್ದು? ಹಂಡೆಯಾ, ಅಕ್ಕಿಮೂಟೆಯಾ?”

“ತುಂಬಿದ ಸಿಲಿಂಡರು,” ಅಂದರು ಹಿಂದಿನಿಂದ ಯಾರೋ.

“ಯಾರದು? ನಾನು ಸ್ಫೋಟವಾದರೆ ಮೊದಲು ಸಾಯುವವಳು ನೀನೇ!”

ಒಬ್ಬೊಬ್ಬರಾಗಿ ಮೌಲಾಸಾಬನ ಪಾವಟಿಗೆಯ ಮೇಲೆ ಕಾಲಿಟ್ಟು ಹತ್ತಿದರು. ಜಲಜಕ್ಕ ಹತ್ತಿದಾಗ ಜೀಪು ಒಮ್ಮೆ ನಿಟ್ಟುಸಿರು ಬಿಟ್ಟಿತು. ಮೌಲಾಸಾಬ ಮುಖ ಅತ್ತ ತಿರುಗಿಸಿದ.

“ಮೌಲಾ, ನಕ್ಕೆಯಾದರೆ ಇಳಿದುಬಿಡುತ್ತೇವೆ ನೋಡು.”

“ಇಲ್ರೀ ಅಮ್ಮಾರ, ನಗಾಂಗಿಲ್ರಿ,” ಅಂದ. ಅವನ ಬೆನ್ನು ನಗುತ್ತಿತ್ತು.

ನಮ್ಮವರೇ ಒಳಗಿನಿಂದ ಕುರ್ಚಿ ಎತ್ತಿಕೊಂಡು ಬಂದು, ಬೆನ್ನು ಹಿಡಿದುಕೊಂಡು, ಗಿರಿಜಕ್ಕನನ್ನು ಕೂರಿಸಿದರು. ಮೌಲಾಸಾಬ ಹಿಂದಿನ ಬಲಚಕ್ರವನ್ನು ಮೆಲ್ಲಗೆ ಒಂದು ಮರದ ದಿಮ್ಮಿಯ ಮೇಲೆ ಹತ್ತಿಸಿದ. ಗಾಡಿ ವಾಲಿತು, ಒಳಗಿನವರು “ಅಯ್ಯಯ್ಯೋ” ಎನ್ನುತ್ತ ಒಬ್ಬರ ಮೇಲೊಬ್ಬರು ಬಿದ್ದರು. ಆಗ ಬಂತು ಸದ್ದು. ಗರ್, ಗರ್. ಹಿಂದೆಯೇ ಸಣ್ಣಗೆ ಆ ವಾಸನೆ.

ಗಿರಿಜಕ್ಕ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. “ಇದೇ,” ಅಂದರು. “ಇದೇ ಸದ್ದು.”

ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ, ಚಕ್ರಗಳಿಗೆ ಕಲ್ಲು ಕೊಟ್ಟ ಮೇಲೆ ಅವರನ್ನು ಹತ್ತಿರ ಕರೆದೆ. “ಬೆರಳು ಹಾಕಿ ನೋಡಿ.” ಅವರು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳಿಟ್ಟರು. ಉಗುರೂ ಹೋಗಲಿಲ್ಲ. ಆಮೇಲೆ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಇಳಿದರು, ಮೌಲಾಸಾಬ ಗಾಡಿಯನ್ನು ದಿಮ್ಮಿಯಿಂದ ಇಳಿಸಿದ. ಈಗ ಗಿರಿಜಕ್ಕನ ಅಂಗೈ ಅಷ್ಟೂ ಒಳಗೆ ಹೋಯಿತು. ಅದನ್ನು ಅವರು ತುಂಬ ಹೊತ್ತು ಹೊರಗೆ ತೆಗೆಯಲೇ ಇಲ್ಲ. ಕೈಗೆ ಹತ್ತಿದ ಕಪ್ಪು ನೋಡಿಕೊಂಡು ಅಳಲಿಕ್ಕೆ ಶುರುಮಾಡಿದರು.

“ಸಿಟ್ಟು ಮಾಡಿ ಕೂತೆನಲ್ಲ ಅವಳ ಮೇಲೆ. ನಿಲ್ಲಿಸಿದ್ದೇ ಒಳ್ಳೇದಾಯ್ತು. ಇನ್ನೂ ಮೇಲೆ ಹೋಗಿ ಟೈರು ಒಡೆದಿದ್ದರೆ?”

ಹಂಡೆ ತಡೆದದ್ದು ಎಂದು ನಾನು ಹೇಳಿದೆ. ಹಂಡೆಯಿಂದಲೇ ಅವಳು ತಡೆಸಿದಳು ಎಂದು ಅವರು ಇಟ್ಟುಕೊಂಡರು. ನಾನು ವಾದಕ್ಕೆ ಹೋಗಲಿಲ್ಲ. ನನಗೂ ಅದೇ ಸರಿ ಅನ್ನಿಸಿತು.

ಸದಾಶಿವಣ್ಣ ಮೌಲಾಸಾಬನ ಹತ್ತಿರ ಹೋಗಿ ನಿಂತರು. ಕ್ಷಮೆ ಕೇಳುವ ಅಭ್ಯಾಸ ಅವರಿಗಿಲ್ಲ. “ಮೌಲಾ, ನೀನು ಸಿಹಿ ತಿಂತೀಯಲ್ಲ?” ಅಂದರು. ಮರುದಿನ ಒಂದು ಡಬ್ಬಿ ಹಾಲುಬಾಯಿ ಬಂತು.

ಮಡ್‌ಗಾರ್ಡು ಕತ್ತರಿಸಿ ಜಾಗ ಮಾಡೋಣ ಎಂದು ನಮ್ಮವರು ಹೇಳಿದ್ದುಂಟು. ಮೌಲಾಸಾಬ ಒಪ್ಪಲಿಲ್ಲ. “ಕಾಲಿಗೆ ಚಪ್ಪಲ ಹೊಂದಲಿಲ್ಲಂದ್ರ ಚಪ್ಪಲ ಬದಲಿಸಬೇಕ್ರಿ, ಕಾಲ ಕೊಯ್ಯಬಾರದು.” ಒಂದು ಅಳತೆ ಕಡಿಮೆಯ ಟೈರು ಹಾಕಿದೆವು, ಸೋತ ಸ್ಪ್ರಿಂಗ್ ಪಟ್ಟಿಗಳನ್ನು ಬದಲಿಸಿದೆವು. ಮುಂದಿನ ಶನಿವಾರ ಭಜನಾ ಮಂಡಳಿಗೆ ಮತ್ತೆ ಕರೆ ಹೋಯಿತು. ಈ ಸಲ ಜಲಜಕ್ಕ ತಾಳ ಹಿಡಿದುಕೊಂಡೇ ಹತ್ತಿದರು. ದಿಮ್ಮಿಯ ಮೇಲೆ ಗಾಡಿ ವಾಲಿ ನಿಂತಿದೆ, ಒಳಗೆ ಭಜನೆ ನಡೆಯುತ್ತಿದೆ, ಕೆಳಗೆ ಮೌಲಾಸಾಬ ಮೊಣಕಾಲೂರಿ ಮಡ್‌ಗಾರ್ಡಿನ ಸಂದಿಗೆ ಬೆರಳು ಹಾಕಿ, “ಹೋತ್ರಿ ಅಕ್ಕಾರ, ಹೋತು!” ಎಂದು ಕೂಗುತ್ತಾನೆ. ರಸ್ತೆಯಲ್ಲಿ ಹೋಗುವ ರಿಕ್ಷಾಗಳೆಲ್ಲ ನಿಂತು ನೋಡಿದವು.

ಅಂದಿನಿಂದ ನಮ್ಮ ಅಂಗಡಿಯಲ್ಲಿ ಅದೇ ರೂಢಿ. ಖಾಲಿ ಗಾಡಿಗೆ ಅಂಗೈ, ತುಂಬಿದ ಗಾಡಿಗೆ ಬೆರಳು. ಗಿರಾಕಿ ಏನು ಹೊರಿಸುತ್ತಾನೆಂದು ಕೇಳಿ, ಅಷ್ಟು ಭಾರ ಹಿಂದೆ ಹಾಕಿ, ದಿಮ್ಮಿ ಹತ್ತಿಸಿ ನೋಡಿದ ಮೇಲೆಯೇ ಬಿಡುವುದು. ಈಗ ಅದಕ್ಕಾಗಿ ಮರಳಿನ ಮೂಟೆಗಳನ್ನು ಇಟ್ಟಿದ್ದೇವೆ. ಜಲಜಕ್ಕನಿಗೆ ಅದರಿಂದ ಸ್ವಲ್ಪ ಬೇಸರ. “ನನ್ನ ಕೆಲಸ ಮರಳಿಗೆ ಕೊಟ್ಟೆ,” ಎಂದು ಕಂಡಾಗಲೆಲ್ಲ ಹೇಳುತ್ತಾರೆ. ಸ್ಮಿತಾ, ಗಿರಾಕಿಗೆ ಅವಸರ ಇರುತ್ತದೆ, ನಿನ್ನ ದೊಡ್ಡಪ್ಪನಿಗೆ ಅವರಿಗಿಂತ ಅವಸರ ಇರುತ್ತದೆ. ಮೂಟೆ ಹೊರಿಸದೆ ಬಿಡಬೇಡ. ಕೇಳುವಾಗ ‘ಎಷ್ಟು ಜನ’ ಎಂದಷ್ಟೇ ಕೇಳಬೇಡ. ‘ಮನೆಯಿಂದ ಹೊರಡುವಾಗ ಏನೇನು ತೆಗೆದುಕೊಳ್ಳುತ್ತೀರಿ’ ಎಂದು ಕೇಳು. ಜನ ಅದಕ್ಕೆ ಸರಿಯಾದ ಉತ್ತರ ಕೊಡುತ್ತಾರೆ.

ಗಿರಿಜಕ್ಕ ಪರೇಲ್‌ಗೆ ಹೋಗಿ ಬಂದರು. ಗುಡ್ಡಕ್ಕೆ ಹೋಗಬಹುದು, ಜೋರಾಗಿ ಕುಲುಕಿಸಬೇಡಿ ಎಂದು ಡಾಕ್ಟರು ಹೇಳಿದರು. ಈ ಸಲ ಹಂಡೆ, ಒಲೆ, ಅಕ್ಕಿ ಎಲ್ಲ ಬಾಡಿಗೆ ಟೆಂಪೋದಲ್ಲಿ ಬುಡದ ಹಳ್ಳಿಗೆ, ಸಖುಬಾಯಿಯ ಅಂಗಳಕ್ಕೆ. ಅಡುಗೆ ಅಲ್ಲಿ, ಊಟ ಅಲ್ಲಿ. ಜೀಪಿನಲ್ಲಿ ನಿಜವಾಗಿಯೂ ಅವರಿಬ್ಬರೇ, ಮತ್ತು ದೇವಿಯ ಪಾಲಿನ ಒಂದು ಡಬ್ಬಿ.

ಆ ದಿನ ಶುಕ್ರವಾರ. ನಾನು ಅಂಗಡಿಗೆ ಹೋಗಲಿಲ್ಲ. ದೀಪಗಳನ್ನು ಹುಣಸೆಹುಳಿ ಹಾಕಿ ತಿಕ್ಕಿದೆ, ತಿಕ್ಕಿದ್ದನ್ನೇ ಮತ್ತೆ ತಿಕ್ಕಿದೆ. ಟೈರು ಹಾಕಿದವರಿಗೆ ಗಾಡಿ ಹೊರಟ ಮೇಲೆ ಮಾಡಲು ಏನೂ ಉಳಿಯುವುದಿಲ್ಲ. ಈ ಕೆಲಸದ ಕಷ್ಟ ಯಾವುದೆಂದು ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ಮೌಲಾಸಾಬನೂ ಮಧ್ಯಾಹ್ನದ ನಮಾಜಿಗೆ ಹೋಗುವ ಮೊದಲು ಫೋನ್ ಮಾಡಿ, “ಏನರ ಸುದ್ದಿ ಬಂತೇನ್ರಿ?” ಎಂದು ಕೇಳಿದ. ಇಲ್ಲ ಅಂದೆ. ನೈವೇದ್ಯಕ್ಕೆ ಬೆಳ್ತಿಗೆ ಅಕ್ಕಿ ತೊಳೆದು ಪಾತ್ರೆಗೆ ಹಾಕುವಾಗ ಫೋನ್ ಸದ್ದು ಮಾಡಿತು. ಗಿರಿಜಕ್ಕ. ಹಿಂದೆ ಗಾಳಿಯ ಸದ್ದು.

“ಶಾರದಾ, ಕೊನೆಯ ತಿರುವಿನಲ್ಲಿ ಇಳಿದೆ ಮಾರಾಯ್ತಿ.”

ಅಕ್ಕಿಯ ಪಾತ್ರೆ ಕೆಳಗಿಟ್ಟೆ. “ಯಾಕೆ? ಮತ್ತೆ ವಾಸನೆಯಾ?”

“ಇಲ್ಲಪ್ಪ. ಬೆರಳು ಹಾಕಿ ನೋಡಲಿಕ್ಕೆ.”

“ಹೋಯ್ತಾ?”

“ಹೋಯ್ತು. ಇವರು ‘ಸಾಕು ಹತ್ತು’ ಅಂತ ಬೈದರು. ಹತ್ತಿದೆ. ಈಗ ಅವಳ ಎದುರು ನಿಂತಿದ್ದೇನೆ. ತಾಳು, ಗಂಟೆ ಕೇಳು.”

ಗಂಟೆ ಕೇಳಿಸಿತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಒದ್ದೆ ಕೈಗಳನ್ನೇ ಮುಗಿದೆ. ಆಮೇಲೆ ಮೌಲಾಸಾಬನಿಗೆ ತಿಳಿಸಿ, ಒಲೆಯ ಹತ್ತಿರ ಬಂದು, ಅಕ್ಕಿಯ ಮೇಲೆ ನೀರು ಹೊಯ್ದು, ಸಾಕೋ ಎಂದು ಬೆರಳು ಇಳಿಬಿಟ್ಟು ನೋಡಿದೆ.